ಎಂಪ್ರೆಸ್ ತೋಟದ ತಾಳೆಗಳೂ ಊರಿನ ಪನೋಲಿಯೂ

ಪುಣೆಯಲ್ಲಿ ಹತ್ತು ಹದಿನೈದು ವರ್ಷ ಬಾಳಿದ ನಮ್ಮ ಹೋಟೆಲು ಬಂಧುಗಳಲ್ಲಿ ಎಂಪ್ರೆಸ್ ಉದ್ಯಾನವನ್ನು ಕಂಡವರೆಷ್ಟು ಮಂದಿ ಎಂದು ಕೇಳಿದರೆ ಉತ್ತರ ಅಷ್ಟೇನೂ ಸಂತೋಷ ಕೊಡಲಾರದು. ಆದರೆ ಅವರನ್ನು ಆಕ್ಷೇಪಿಸುವ ಅಧಿಕಾರ ನಮಗಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದ ವರ್ಷಗಳಲ್ಲಿ ನಾವೂ ರೇಸ್ ಕೋರ್ಸಿನ ಬದಿಯಿಂದ ನೂರಾರು ಸಲ ಹಾದುಹೋದವರು. ತೋಟದ ಬಾಗಿಲನ್ನು ಮಾತ್ರ ಹೊಕ್ಕವರಲ್ಲ. ವಾರದ ರಜೆಯೆಂದರೆ ನಿದ್ರೆ, ಬಟ್ಟೆ ಒಗೆತ, ಸಂಜೆಗೊಂದು ಸಿನಿಮಾ ಎಂದಷ್ಟೇ ತಿಳಿದಿದ್ದೆವು.

ಕಳೆದ ಸೋಮವಾರ ಆ ಕೊರತೆಯನ್ನು ತೀರಿಸಿಕೊಂಡೆವು. ಜೊತೆಯಲ್ಲಿ ವೃದ್ಧರಾದ ಒಬ್ಬ ಅಡುಗೆಯ ಭಟ್ಟರು, ಬ್ಯಾಂಕಿನಲ್ಲಿ ಗುಮಾಸ್ತರಾಗಿರುವ ಒಬ್ಬ ಮಿತ್ರರು, ಕಾರ್ಕಳದ ಕಡೆಯ ಒಬ್ಬ ತರುಣ ಮಾಣಿ. ತಾಳೆಯ ಜಾತಿಯ ಮರಗಳನ್ನು ನೋಡಬೇಕೆಂಬುದು ಗುಮಾಸ್ತರ ಹಂಬಲ. ಭಟ್ಟರು ಬಂದದ್ದು ನೆರಳಿನಲ್ಲಿ ಮಲಗಲಿಕ್ಕೆ ಎಂದು ಅವರೇ ಒಪ್ಪಿಕೊಂಡರು.

ತೋಟದ ವಿಸ್ತಾರ 39 ಎಕರೆ. ನಡೆಸುತ್ತಿರುವುದು 1830ರಲ್ಲಿ ಸ್ಥಾಪಿತವಾದ ಪಶ್ಚಿಮ ಭಾರತದ ಕೃಷಿ ಮತ್ತು ತೋಟಗಾರಿಕೆಯ ಸಂಘ. ಹಿಂದೆ ಇದು ದಂಡಿನ ಸಿಪಾಯಿಗಳ ತೋಟವಾಗಿತ್ತು. 1877ರಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ದಿಲ್ಲಿಯ ದರಬಾರಿನಲ್ಲಿ ಸಾರಿದರಷ್ಟೆ. ತೋಟದ ಹೆಸರು ಆ ಬಿರುದಿನಿಂದ ಬಂದದ್ದು. ಬಿರುದೂ ಹೋಯಿತು, ರಾಜ್ಯವೂ ಹೋಯಿತು, ಮರಗಳು ನಿಂತಿವೆ. ಜನವರಿಯಲ್ಲಿ ಇಲ್ಲಿ ನಡೆಯುವ ಪುಷ್ಪಪ್ರದರ್ಶನಕ್ಕೆ ಪುಣೆಯ ಜನ ಸಂಸಾರಸಮೇತರಾಗಿ ಬರುತ್ತಾರೆ. ನಾವು ಹೋದ ದಿನ ಅಂಥ ಸಂದಣಿಯಿರಲಿಲ್ಲ.

ಮೊದಲು ಎದುರಾದದ್ದು ರಾಯಲ್ ಪಾಮ್. ಕ್ಯೂಬಾ ದೇಶದ ಕಡೆಯ ಮರ. ಬೂದುಬಣ್ಣದ ನುಣುಪಾದ ಕಾಂಡ, ನಡುವೆ ಅಲ್ಪ ಉಬ್ಬು, ತುದಿಯಲ್ಲಿ ಹಸಿರು ಕೊರಳು. ಮಾಣಿ ಅದನ್ನು ಕೈಯಿಂದ ತಟ್ಟಿ ನೋಡಿ, "ಸಿಮೆಂಟಿನ ಕಂಬಕ್ಕೆ ಅಡಕೆಯ ತಲೆ ಕೂಡಿಸಿದ ಹಾಗಿದೆ" ಎಂದನು. ಈ ವರ್ಣನೆಯನ್ನು ಮೀರಿಸುವುದು ನಮ್ಮಿಂದಾಗದು. ತೆಂಗು, ಅಡಕೆ, ತಾಳೆ, ಈಚಲು ಮಾತ್ರವಲ್ಲ, ನಮ್ಮ ಕುರ್ಚಿ ಹೆಣೆಯುವ ಬೆತ್ತವೂ ಇದೇ ಕುಲದ್ದೆಂದು ಗುಮಾಸ್ತರು ಹೇಳಿದಾಗ ಭಟ್ಟರು ನಂಬಲಿಲ್ಲ. ಆದರೆ ಅದು ಸತ್ಯ. ಲೋಕದಲ್ಲಿ ಈ ಕುಲದ ಎರಡೂವರೆ ಸಾವಿರಕ್ಕೂ ಮಿಕ್ಕ ಜಾತಿಗಳಿವೆ.

ಮುಂದೆ ಒಂದು ಮರದಡಿಯಲ್ಲಿ ಮಾಣಿ ತಟಸ್ಥನಾಗಿ ನಿಂತುಬಿಟ್ಟನು. "ಇದು ನಮ್ಮೂರಿನ ಈಂದಿನ ಮರ ಅಲ್ಲವಾ ಧಣಿಗಳೇ?" ಎಂದನು. ಹೌದು, ಘಟ್ಟದ ಮೇಲಿನವರು ಬಗನಿ ಎನ್ನುವ ಮರ. ಎಲೆಯ ತುಂಡುಗಳು ಮೀನಿನ ಬಾಲದಂತೆ ಹರಿದಿರುತ್ತವೆ. ಕನ್ನಡದಲ್ಲಿ ಬಗನಿಗೂಟದ ಹೆಸರು ಒಳ್ಳೆಯ ಸಂದರ್ಭದಲ್ಲಿ ಬರುವುದಿಲ್ಲವೆಂಬುದನ್ನು ವಾಚಕರು ಬಲ್ಲರು; ಮರ ಮಾತ್ರ ಬಹು ಸಾಧು. ಸಿಂಹಳದವರು ಇದರ ರಸದಿಂದ ಬೆಲ್ಲ ಕಾಸುತ್ತಾರೆ. ಇದರ ಹೂಗೊಂಚಲು ಮೊದಲು ತುದಿಯಲ್ಲಿ ಮೂಡಿ, ವರ್ಷದಿಂದ ವರ್ಷಕ್ಕೆ ಕೆಳಕೆಳಗೆ ಇಳಿಯುತ್ತ ಬರುತ್ತದೆ. ಕಟ್ಟಕಡೆಯ ಗೊಂಚಲು ಹಣ್ಣಾಯಿತೆಂದರೆ ಮರದ ಆಯುಷ್ಯವೂ ಮುಗಿಯಿತು.

ಈ ಸಂಗತಿಯನ್ನು ಕೇಳಿದ ಮಾಣಿಯ ಮುಖ ಬಾಡಿತು. ಕಾರಣ ವಿಚಾರಿಸಲು ತಡವರಿಸುತ್ತ ಹೇಳಿದನು: ಅವನ ಮನೆಯ ಹಿಂದೆ ಒಂದು ಪನೋಲಿ ಇದೆ, ಅದರ ತುದಿಯಲ್ಲಿ ಈಗ ಈಟಿಯಂಥದು ಮೂಡಿದೆಯಂತೆ, ಹೂ ಅರಳಿದರೆ ಊರಿಗೆ ಬರ, ಮನೆಗೆ ಕೇಡು ಎಂದು ದೊಡ್ಡ ಮಾವ ಗುರುವಾರವೇ ಕಡಿಸಲಿದ್ದಾರೆ.

ಪನೋಲಿಯೆಂದು ತುಳುವರು ಕರೆಯುವುದು ಶ್ರೀತಾಳೆಯನ್ನು. ತಾಳೆಗಳಲ್ಲಿ ಇದಕ್ಕೆ ಸಮನಾದುದನ್ನು ಕಾಣುವುದು ಕಷ್ಟ. ಎತ್ತರ 80 ಅಡಿಯ ತನಕ, ಒಂದೊಂದು ಎಲೆಯ ಅಗಲ ಹದಿನೈದು ಅಡಿಗೂ ಹೆಚ್ಚು. ಸಿಂಹಳದಲ್ಲಿ ಹತ್ತೊಂಬತ್ತು ವರ್ಷ ಸೆರೆಯಲ್ಲಿದ್ದ ರಾಬರ್ಟ್ ನಾಕ್ಸ್ ಎಂಬ ಆಂಗ್ಲ ನಾವಿಕನು 1681ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಸೈನಿಕರು ಈ ಎಲೆಯನ್ನೇ ಡೇರೆಯಾಗಿ ಬಳಸುತ್ತಿದ್ದುದನ್ನು ಬರೆದಿದ್ದಾನೆ. ನಮ್ಮ ಹಿರಿಯರಿಗೆ ಇದೇ ಕಾಗದ. ತಾಳೆಯ ಗರಿಗಿಂತ ತೆಳುವಾಗಿ ಮೃದುವಾಗಿರುವುದರಿಂದ ಗ್ರಂಥ ಬರೆಯುವವರು ಶ್ರೀತಾಳೆಯನ್ನು ಮೆಚ್ಚುತ್ತಿದ್ದರು. ಕರೆಯೋಲೆ, ಓಲೆಕಾರ, ಹೆಂಗಸರ ಕಿವಿಯ ಓಲೆ, ಈ ಮಾತುಗಳೆಲ್ಲ ಗರಿಯಿಂದಲೇ ಹುಟ್ಟಿದವು.

ಶ್ರೀತಾಳೆ ಮೂವತ್ತರಿಂದ ಎಂಬತ್ತು ವರ್ಷಗಳವರೆಗೆ ಹಿಟ್ಟನ್ನು ಕಾಂಡದಲ್ಲಿ ಕೂಡಿಟ್ಟು, ಜೀವಮಾನದಲ್ಲಿ ಒಂದೇ ಸಲ ಹೂ ಬಿಡುತ್ತದೆ. ಇಪ್ಪತ್ತು ಅಡಿಗೂ ಎತ್ತರದ ಹೂಗೊಂಚಲು, ಲಕ್ಷಗಟ್ಟಲೆ ಹೂ. ಕವಲೊಡೆವ ಹೂಗೊಂಚಲುಗಳಲ್ಲಿ ಸಸ್ಯಲೋಕದಲ್ಲೇ ಇದಕ್ಕಿಂತ ದೊಡ್ಡದಿಲ್ಲ. ಕಾಯಿ ಬಲಿಯಲು ಸುಮಾರು ಒಂದು ವರ್ಷ. ಆಮೇಲೆ ಮರ ತಾನಾಗಿಯೇ ಸಾಯುತ್ತದೆ.

ಕೇಡಿನ ಮಾತು ಹೇಗೆ ಹುಟ್ಟಿತೋ! ಬರಗಾಲದಲ್ಲಿ ಈ ಮರವನ್ನು ಸೀಳಿ ತಿರುಳಿನ ಹಿಟ್ಟು ತಿಂದು ಬದುಕಿದವರು ನಮ್ಮ ಕರಾವಳಿಯಲ್ಲಿದ್ದರು. ಹೂ ಬಂದರೆ ಹಿಟ್ಟೆಲ್ಲ ಹೂವಿಗೇ ವೆಚ್ಚವಾಗುವುದರಿಂದ ಮೊದಲೇ ಕಡಿಯುವುದು ಹಸಿದವರಿಗೆ ಅನಿವಾರ್ಯವಾಗಿತ್ತು. ಬರವೂ ಹೂವೂ ಕತ್ತಿಯೂ ಜನರ ನೆನಪಿನಲ್ಲಿ ಒಂದಕ್ಕೊಂದು ಹೆಣೆದುಕೊಂಡಿರಬೇಕೆಂದು ನಮ್ಮ ಊಹೆ. ಈಗ ಹಿಟ್ಟು ಬೇಕಾದವರಿಲ್ಲ, ಭಯ ಮಾತ್ರ ಉಳಿದಿದೆ. ಬುಡದಲ್ಲಿ ಮರಿ ಒಡೆಯುವ ಮರವಲ್ಲ ಇದು, ಬೀಜವಿಲ್ಲದೆ ಸಂತತಿಯಿಲ್ಲ. ಹೂವಿಗೆ ಮುಂಚೆ ಕಡಿದವನು ಒಂದು ಮರವನ್ನಲ್ಲ, ಮುಂದಿನ ನೂರು ಮರಗಳನ್ನು ಕಡಿದಂತೆ. ನಾವು ಬಾಲಕರಾಗಿದ್ದಾಗ ನಮ್ಮ ಮನೆಯಲ್ಲೂ ಹೀಗೆಯೇ ಒಂದನ್ನು ಉರುಳಿಸಿದರು. ಮರ ಬಿದ್ದ ಸದ್ದಿಗೆ ನಾವು ಚಪ್ಪಾಳೆ ತಟ್ಟಿದ್ದೆವು.

ಇದನ್ನೆಲ್ಲ ಹೇಳಿ, "ಮಾವನಿಗೆ ಈಗಲೇ ಫೋನು ಮಾಡು" ಎಂದೆವು. ಮಾಣಿ ಹಿಂಜರಿದನು. ಪುಣೆಯಲ್ಲಿ ಲೋಟ ತೊಳೆಯುವ ಅಳಿಯನ ಮಾತಿಗೆ ಅಲ್ಲಿ ಬೆಲೆಯೆಷ್ಟು? ಕೊನೆಗೆ ಕಲ್ಲುಬೆಂಚಿನ ಮೇಲೆ ಕುಳಿತು ಮೊಬೈಲು ತೆಗೆದನು. ಮಾವನವರು ಮೊದಲು ಗದರಿಸಿದರು. ಆಮೇಲೆ ಆಡಿದ ಮಾತು ತೂಕದ್ದು: ಮರ ಸತ್ತು ಹಟ್ಟಿಯ ಮೇಲೆ ಬಿದ್ದರೆ ಎರಡು ದನಗಳ ಗತಿಯೇನು? ಇದು ಮೂಢನಂಬಿಕೆಯಲ್ಲ, ಸಂಸಾರಿಯ ಚಿಂತೆ. ನಮ್ಮಲ್ಲಿ ತಟ್ಟನೆ ಉತ್ತರವಿರಲಿಲ್ಲ.

ಅಷ್ಟರಲ್ಲಿ, ನಿದ್ರಿಸುತ್ತಿದ್ದಾರೆಂದು ನಾವು ಭಾವಿಸಿದ್ದ ಭಟ್ಟರು ಎದ್ದು ಕುಳಿತು ಫೋನನ್ನು ಕೈಗೆ ತೆಗೆದುಕೊಂಡರು. "ಯಜಮಾನರೇ, ಕಾಯಿ ಉದುರುವವರೆಗೆ ದನಗಳನ್ನು ಆಚೆ ಕಟ್ಟಿರಿ. ಉದುರಿದ ಮರುದಿನ ಹಗ್ಗ ಕಟ್ಟಿ, ಬೇಕಾದ ದಿಕ್ಕಿಗೆ ಉರುಳಿಸಿರಿ. ನನಗೂ ಎರಡು ಬೊಗಸೆ ಬೀಜ ಇಟ್ಟಿರಿ, ಮೇ ತಿಂಗಳಿಗೆ ಊರಿಗೆ ಬರುತ್ತೇನೆ" ಎಂದರು. ಅವರು ಊರಿಗೆ ಹೋಗದೆ ಆರು ವರ್ಷಗಳಾದವು.

ಗುರುವಾರ ಮರ ಕಡಿಯುವವನಿಗೆ ಬರಬೇಡವೆಂದು ಹೇಳುವುದಾಗಿ ಮಾವನವರು ಒಪ್ಪಿದ್ದಾರೆ. ಅದಕ್ಕಿಂತ ಹೆಚ್ಚಿನ ಮಾತು ಕೊಟ್ಟಿಲ್ಲ. ಮುಂದಿನ ಸಮಾಚಾರ ತಿಳಿದಾಗ ವಾಚಕರಿಗೆ ತಿಳಿಸುತ್ತೇವೆ.