ಗಡಿ ದಾಟದ ಪುಸ್ತಕ

ನ್ಯೂಯಾರ್ಕಿನಲ್ಲಿ ಪ್ರಕಟವಾದ ಒಂದು ಇತಿಹಾಸಗ್ರಂಥದ ಇ-ಪುಸ್ತಕವನ್ನು ಈಚೆಗೆ ಕೊಳ್ಳಹೋದೆ. ನನ್ನ ಕಣ್ಣು ಮಸುಕಾಗಿದೆ. ಇ-ಪುಸ್ತಕದಲ್ಲಾದರೆ ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು. ಹಣ ತೆರಲು ಸಿದ್ಧನಿದ್ದರೂ ‘ನಿಮ್ಮ ದೇಶದಲ್ಲಿ ಇದು ಮಾರಾಟಕ್ಕಿಲ್ಲ’ ಎಂಬ ಉತ್ತರ ಬಂತು. ಅದೇ ಗ್ರಂಥದ ಅಚ್ಚಿನ ಪ್ರತಿ ಮಾತ್ರ ಅಂಚೆಯಲ್ಲಿ ಸಮುದ್ರ ದಾಟಿ ಮನೆಗೆ ಬಂತು. ತೂಕವೇ ಇಲ್ಲದ ಪ್ರತಿಗೆ ಗಡಿ ಅಡ್ಡವಾಯಿತು! ಕೇಳುಗರಲ್ಲಿ ಕೆಲವರಿಗಾದರೂ ಈ ಅನುಭವ ಆಗಿರಬೇಕು.

ಇದರ ಕಾರಣ ಯಂತ್ರದಲ್ಲಿಲ್ಲ, ಕರಾರುಪತ್ರದಲ್ಲಿದೆ. ತೋಟವನ್ನು ಪಾಲು ಮಾಡಿ ಗುತ್ತಿಗೆಗೆ ಕೊಡುವಂತೆ, ಇಂಗ್ಲಿಷ್ ಲೇಖಕರು ಅನೇಕ ವೇಳೆ ಅಮೆರಿಕದ ಹಕ್ಕನ್ನು ಒಬ್ಬ ಪ್ರಕಾಶಕನಿಗೂ ಬ್ರಿಟನ್ ಮತ್ತು ಕಾಮನ್‌ವೆಲ್ತ್ ದೇಶಗಳ ಹಕ್ಕನ್ನು ಇನ್ನೊಬ್ಬನಿಗೂ ವಹಿಸುತ್ತಾರೆ. ಈ ದೇಶಗಳಷ್ಟೂ ಒಟ್ಟಾಗಿ ದೊರೆಯದಿದ್ದರೆ ಅಮೆರಿಕದ ಪುಸ್ತಕದ ಹಕ್ಕನ್ನೇ ಕೊಳ್ಳಬಾರದೆಂದು ಬ್ರಿಟಿಷ್ ಪ್ರಕಾಶಕರು 1947ರಲ್ಲಿ ತಮ್ಮೊಳಗೆ ಒಪ್ಪಂದ ಮಾಡಿಕೊಂಡರು. ನಮಗೆ ಸ್ವಾತಂತ್ರ್ಯ ಬಂದದ್ದೂ ಅದೇ ವರ್ಷ ಎಂಬುದನ್ನು ನೆನೆದರೆ ನಗು ಬರುತ್ತದೆ. ಅಮೆರಿಕ ಸರ್ಕಾರ ಹೂಡಿದ ಮೊಕದ್ದಮೆಯಿಂದ 1976ರಲ್ಲಿ ಆ ಒಪ್ಪಂದವೇನೋ ಮುಗಿಯಿತು. ಪಾಲು ಹಂಚುವ ರೂಢಿ ಉಳಿಯಿತು. ನಾನು ಬಯಸಿದ ಗ್ರಂಥದ ಭಾರತದ ಹಕ್ಕು ಲಂಡನ್ನಿನಲ್ಲಿದೆಯಂತೆ. ಹಕ್ಕುಳ್ಳವರು ಇ-ಪುಸ್ತಕವನ್ನು ಹೊರಡಿಸಿಲ್ಲ, ನ್ಯೂಯಾರ್ಕಿನವರು ಮಾರುವಂತಿಲ್ಲ.

ಹಾಗಾದರೆ ಅಚ್ಚಿನ ಪ್ರತಿ ಬಂದದ್ದು ಹೇಗೆ? ಒಮ್ಮೆ ಮಾರಿದ ಪ್ರತಿ ಕೊಂಡವನ ಸ್ವತ್ತು. ಹೊರದೇಶಗಳಲ್ಲಿ ಅಗ್ಗವಾಗಿ ಅಚ್ಚಾದ ಪಠ್ಯಪುಸ್ತಕಗಳನ್ನು ತರಿಸಿ ಅಮೆರಿಕದಲ್ಲಿ ಮಾರಿದ ಥಾಯ್ಲೆಂಡಿನ ವಿದ್ಯಾರ್ಥಿಯೊಬ್ಬನ ಪರವಾಗಿ 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ತೀರ್ಪಿತ್ತಿತು. ಇ-ಪುಸ್ತಕಕ್ಕೆ ಈ ನ್ಯಾಯ ಸಲ್ಲದೆಂದು 2019ರಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ ಹೇಳಿತು. ಅಲ್ಲಿ ನಾವು ಕೊಳ್ಳುವುದು ಪ್ರತಿಯನ್ನಲ್ಲ, ಬಹುಮಟ್ಟಿಗೆ ಓದುವ ಅನುಮತಿಯನ್ನು. ಆ ಅನುಮತಿಯನ್ನು ಕೊಡುವ ಮೊದಲು ಅಂಗಡಿಯು ನಮ್ಮ ವಿಳಾಸವನ್ನೂ ಬ್ಯಾಂಕಿನ ಕಾರ್ಡನ್ನೂ ನೋಡಿ ದೇಶವನ್ನು ಗುರುತಿಸುತ್ತದೆ.

ಗಡಿಗಳನ್ನು ನಾನು ಪೂರ್ತಿಯಾಗಿ ಹಳಿಯಲಾರೆ. ನಮ್ಮ ವಿದ್ಯಾರ್ಥಿಗಳಿಗೆ ಪರದೇಶದ ಪಠ್ಯಪುಸ್ತಕಗಳು ಅಗ್ಗದ ಆವೃತ್ತಿಯಲ್ಲಿ ದೊರೆಯುವುದು ಇವುಗಳಿಂದಲೇ. ಹಕ್ಕನ್ನು ಹಿಡಿದುಕೊಂಡು ಮಾರದೆ ಕೂರುವುದು ಮಾತ್ರ ಅನ್ಯಾಯ. ಆಸ್ಟ್ರೇಲಿಯಾ 1991ರಲ್ಲಿ ಇದಕ್ಕೊಂದು ಉಪಾಯ ಮಾಡಿತು: ಹೊರದೇಶದಲ್ಲಿ ಪ್ರಕಟವಾದ ಹೊಸ ಪುಸ್ತಕವನ್ನು ಮೂವತ್ತು ದಿನಗಳೊಳಗೆ ಅಲ್ಲಿ ಹೊರತರದಿದ್ದರೆ, ಅಂಗಡಿಯವರು ಬೇರೆಡೆಯಿಂದ ಪ್ರತಿಗಳನ್ನು ತರಿಸಬಹುದು. ಇ-ಪುಸ್ತಕಕ್ಕೂ ಇಂಥದೊಂದು ಗಡುವು ಇರಬೇಕೆಂದು ನನ್ನ ಆಸೆ.

ಸದ್ಯಕ್ಕೆ ಅಚ್ಚಿನ ಪ್ರತಿಯನ್ನೇ ಭೂತಗನ್ನಡಿ ಹಿಡಿದು ಓದುತ್ತಿದ್ದೇನೆ. ಮೂರನೆಯ ಅಧ್ಯಾಯ ನಡೆದಿದೆ.