ಹಗುರ ಜಾಲತಾಣಕ್ಕೆ ಯಾವ ಸಿಎಂಎಸ್?

ಶಾಲೆಗೋ ಸಂಘಕ್ಕೋ ಪ್ರಕಾಶನಕ್ಕೋ ಜಾಲತಾಣ ಮಾಡಿಸಲು ಹೊರಟವರು ಈಚೆಗೆ ಕೇಳುವ ಪ್ರಶ್ನೆಯೊಂದಿದೆ: ಪರಿಸರಕ್ಕೆ ಹೊರೆಯಾಗದ ಸಿಎಂಎಸ್ ಯಾವುದು? ಬರಹ, ಚಿತ್ರಗಳನ್ನು ಏರಿಸಿ, ತಿದ್ದಿ, ಪ್ರಕಟಿಸಲು ಬಳಸುವ ಈ ತಂತ್ರಾಂಶಗಳಿಗೆ ‘ಹಸಿರು’ ಎಂಬ ಹಣೆಪಟ್ಟಿ ಈಗ ಧಾರಾಳವಾಗಿ ಅಂಟುತ್ತಿದೆ. ಹಣೆಪಟ್ಟಿ ನೋಡಿ ಆರಿಸಿದರೆ ಮೋಸಹೋಗುತ್ತೇವೆ. ನೋಡಬೇಕಾದದ್ದು ಪುಟ ತಯಾರಾಗುವುದು ಯಾವಾಗ ಎಂಬುದನ್ನು: ಬರೆದು ಮುಗಿಸಿದಾಗ ಒಮ್ಮೆಯೋ, ಓದುಗರು ಬಂದಾಗಲೆಲ್ಲವೋ?

1991ರಲ್ಲಿ ವೆಬ್ ರೂಪಿಸಿದ ಟಿಮ್ ಬರ್ನರ್ಸ್-ಲೀ ಅವರು ಸರ್ನ್ ಭೌತವಿಜ್ಞಾನ ಕೇಂದ್ರದಲ್ಲಿ ಮಾಡಿದ ಜಾಲತಾಣ ಜಗತ್ತಿಗೆ ತೆರೆದುಕೊಂಡಾಗ ಅದರಲ್ಲಿದ್ದದ್ದು ಸಿದ್ಧ ಕಡತಗಳು ಮಾತ್ರ. ಕೇಳಿದವರಿಗೆ ಸರ್ವರ್ ಕಡತವನ್ನು ಎತ್ತಿಕೊಡುತ್ತಿತ್ತು, ಅಷ್ಟೆ. 2001ರಲ್ಲಿ ಬಂದ ಮೂವಬಲ್ ಟೈಪ್ ಎಂಬ ಬ್ಲಾಗ್ ತಂತ್ರಾಂಶ ಕೂಡ ಪ್ರಕಟಿಸುವ ಗಳಿಗೆಯಲ್ಲೇ ಪುಟಗಳನ್ನು ಕಟ್ಟಿಡುತ್ತಿತ್ತು. ತಾಣ ಬೆಳೆದಂತೆ ಈ ಕಟ್ಟುವಿಕೆ ನಿಧಾನವಾಗಿ ಬಳಕೆದಾರರು ಬೇಸತ್ತರು. 2003ರಲ್ಲಿ ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್, ಬಿ2 ಎಂಬ ಹಳೆಯ ತಂತ್ರಾಂಶದ ಮೇಲೆ ವರ್ಡ್‌ಪ್ರೆಸ್ ಕಟ್ಟಿದರು. ಇದರಲ್ಲಿ ಬರಹ ಡೇಟಾಬೇಸಿನಲ್ಲಿರುತ್ತದೆ; ಓದುಗರು ಬಂದಾಗ ಪಿಎಚ್‌ಪಿ ಎಂಬ ಭಾಷೆಯ ಪ್ರೋಗ್ರಾಂ ಅದನ್ನು ಹೆಕ್ಕಿ ಪುಟ ಜೋಡಿಸುತ್ತದೆ. ಮರುವರ್ಷ ಮೂವಬಲ್ ಟೈಪ್ ತನ್ನ ಪರವಾನಗಿಯ ನಿಯಮ ಬಿಗಿಗೊಳಿಸಿದಾಗ ಅನೇಕರು ಇತ್ತ ಬಂದರು. ಇಂದು ಜಗತ್ತಿನ ಶೇ 40ಕ್ಕೂ ಹೆಚ್ಚು ತಾಣಗಳು ವರ್ಡ್‌ಪ್ರೆಸ್ಸಿನವು. ಆದರೆ 2008ರಲ್ಲಿ ಟಾಮ್ ಪ್ರೆಸ್ಟನ್-ವರ್ನರ್ ಅವರ ಜೆಕಿಲ್, 2013ರಲ್ಲಿ ಸ್ಟೀವ್ ಫ್ರಾನ್ಸಿಯಾ ಅವರ ಹ್ಯೂಗೊ ಬಂದು, ಸಿದ್ಧ ಕಡತಗಳ ದಾರಿ ಮತ್ತೆ ತೆರೆಯಿತು.

ಎರಡರ ವ್ಯತ್ಯಾಸ ಇಡ್ಲಿ-ದೋಸೆಯದ್ದು. ಇಡ್ಲಿಯನ್ನು ಬೆಳಿಗ್ಗೆಯೇ ಒಂದು ಹಬೆಗೆ ಬೇಯಿಸಿಟ್ಟರೆ ಹತ್ತು ಜನ ಬಂದರೂ ನೂರು ಜನ ಬಂದರೂ ಎತ್ತಿಕೊಡುವ ಕೆಲಸವಷ್ಟೇ. ದೋಸೆಗೆ ಹಾಗಲ್ಲ, ಪ್ರತಿ ಗಿರಾಕಿಗೂ ಕಾದ ಕಾವಲಿ ಬೇಕು, ಹುಯ್ಯುವವರು ಬೇಕು, ಗಿರಾಕಿ ಇಲ್ಲದಾಗಲೂ ಒಲೆ ಉರಿಯುತ್ತಿರಬೇಕು. ಬೆಣ್ಣೆ ಬೇಕು, ಈರುಳ್ಳಿ ಬೇಡ ಎಂದು ಒಬ್ಬೊಬ್ಬರೂ ಒಂದೊಂದು ಕೇಳುವ ಕಡೆ ದೋಸೆಯೇ ಸರಿ. ಬ್ಯಾಂಕಿನ ಖಾತೆ, ರೈಲಿನ ಟಿಕೆಟ್, ಅಂಗಡಿಯ ಬುಟ್ಟಿ ಇಂಥವು. ಆದರೆ ತಿಂಗಳಿಗೆ ಎರಡು ಸಲ ಬದಲಾಗುವ ಶಾಲೆಯ ಪುಟ ಎಲ್ಲರಿಗೂ ಒಂದೇ. ಅದಕ್ಕೆ ಹಗಲಿರುಳು ಕಾವಲಿ ಕಾಯಿಸಿಡುವುದು ದಂಡ. ಸಿದ್ಧ ಪುಟಗಳಿಗೆ ಎಷ್ಟು ಕಡಿಮೆ ಶಕ್ತಿ ಸಾಕೆಂಬುದಕ್ಕೆ ‘ಲೋ-ಟೆಕ್ ಮ್ಯಾಗಜೀನ್’ ಸಾಕ್ಷಿ. ಅದರ ಸಂಪಾದಕ ಕ್ರಿಸ್ ಡಿ ಡೆಕ್ಕರ್ 2018ರಲ್ಲಿ ಬಾರ್ಸಿಲೋನಾದ ಮನೆಯಲ್ಲಿ ಪುಟ್ಟ ಸೌರಫಲಕ ಮತ್ತು ಬ್ಯಾಟರಿಯಿಂದ ತಾಣ ನಡೆಸತೊಡಗಿದರು. ಸರ್ವರ್ ಬಳಸಿದ್ದು 1ರಿಂದ 2.5 ವಾಟ್ ಮಾತ್ರ. ಮೋಡ ಕವಿದ ದಿನಗಳು ಸಾಲಾಗಿ ಬಂದರೆ ತಾಣ ನಿಲ್ಲುತ್ತದೆ. ಅದನ್ನವರು ಮುಚ್ಚಿಡುವುದೂ ಇಲ್ಲ.

ಇಷ್ಟು ಉಳಿತಾಯದಿಂದ ಭೂಮಿಗೆ ಏನಾಯಿತು ಎಂಬ ಆಕ್ಷೇಪಕ್ಕೆ ಪ್ರಾಮಾಣಿಕ ಉತ್ತರ ಕೊಡಬೇಕು: ನೇರವಾಗಿ, ಬಹಳ ಇಲ್ಲ. ಎರಿಕ್ ಮಸಾನೆಟ್ ಮತ್ತು ಸಂಗಡಿಗರು 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದಂತೆ, 2010ರಿಂದ 2018ರ ನಡುವೆ ಜಗತ್ತಿನ ಡೇಟಾ ಸೆಂಟರ್‌ಗಳ ಕೆಲಸ ಆರು ಪಟ್ಟಿಗೂ ಮೀರಿ ಬೆಳೆದರೂ ಅವುಗಳ ವಿದ್ಯುತ್ ಬಳಕೆ ಏರಿದ್ದು ಸುಮಾರು ಶೇ 6. ಒಂದು ಪುಟಕ್ಕೆ ಇಂತಿಷ್ಟು ಗ್ರಾಂ ಇಂಗಾಲ ಎಂದು ಹೇಳುವ ಲೆಕ್ಕಾಚಾರಗಳನ್ನು ಹಾಗೇ ನಂಬಬಾರದು. ಅವು ಸಾಗಿದ ದತ್ತಾಂಶವನ್ನು ಒಂದು ಸರಾಸರಿಯಿಂದ ಗುಣಿಸುತ್ತವೆ. ಜಾಲದ ಉಪಕರಣಗಳಾದರೋ ದತ್ತಾಂಶ ಸಾಗದಿದ್ದಾಗಲೂ ಹೆಚ್ಚುಕಡಿಮೆ ಅಷ್ಟೇ ವಿದ್ಯುತ್ ನುಂಗುತ್ತವೆ. ಅರ್ಧ ಗಂಟೆ ವಿಡಿಯೊ ನೋಡಿದರೆ 1.6 ಕಿಲೊ ಇಂಗಾಲದ ಡೈಆಕ್ಸೈಡ್ ಎಂದು 2019ರಲ್ಲಿ ಫ್ರಾನ್ಸಿನ ಸಂಸ್ಥೆಯೊಂದರಿಂದ ಬಂದ ಅಂಕಿ ಲೋಕವೆಲ್ಲ ಸುತ್ತಿತು. ಬಿಟ್‌ಗಳೂ ಬೈಟ್‌ಗಳೂ ಕಲಸಿಹೋಗಿ ಅದು ಎಂಟು ಪಟ್ಟು ಉಬ್ಬಿತ್ತೆಂದು ಆಮೇಲೆ ಆ ಸಂಸ್ಥೆಯೇ ಒಪ್ಪಿಕೊಂಡಿತು.

ಹಗುರ ತಾಣದ ನಿಜವಾದ ಲಾಭ ಇರುವುದು ಓದುಗರ ಕೈಯಲ್ಲಿ. ಆಪಲ್ ತನ್ನ ಐಫೋನ್‌ಗಳ ಬಗ್ಗೆ ಕೊಡುವ ಪರಿಸರ ವರದಿಗಳ ಪ್ರಕಾರ, ಫೋನಿನ ಬಾಳಿಕೆಯುದ್ದದ ಇಂಗಾಲದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ತಯಾರಿಕೆಯದ್ದೇ. ಫೋನು ಇನ್ನೆರಡು ವರ್ಷ ಹೆಚ್ಚು ಬಾಳಿದರೆ ಅದೇ ದೊಡ್ಡ ಉಳಿತಾಯ. ಹಳೆಯ ಫೋನು ‘ನಿಧಾನವಾಯಿತು’ ಎನಿಸುವುದಕ್ಕೆ ಭಾರದ ಪುಟಗಳೂ ಕಾರಣ. 2010ರ ಕೊನೆಗೆ ಅರ್ಧ ಎಂಬಿಯೊಳಗಿದ್ದ ಸಾಧಾರಣ ಪುಟ ಈಗ 2 ಎಂಬಿ ದಾಟಿದೆ. ಕನ್ನಡದ ಅಕ್ಷರಗಳು ಯೂನಿಕೋಡಿನಲ್ಲಿ ಹೆಚ್ಚು ಜಾಗ ಬೇಡುತ್ತವೆ ನಿಜ: ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಸಾಕಾದರೆ ನಮ್ಮ ‘ಕ್ಷ’ಕ್ಕೆ ಒಂಬತ್ತು ಬೇಕು. ಹಾಗಿದ್ದೂ ಈ ಇಡೀ ಲೇಖನ 20 ಕೆಬಿಯೊಳಗಿನದ್ದು. ಕುಗ್ಗಿಸದೆ ಏರಿಸಿದ 3 ಎಂಬಿಯ ಒಂದು ಫೋಟೊ ಇಂಥ ನೂರಕ್ಕೂ ಹೆಚ್ಚು ಲೇಖನಗಳಿಗೆ ಸಮ. ಭಾರ ಎಂದೂ ಬರಹದ್ದಲ್ಲ.

ಹ್ಯೂಗೊ, ಜೆಕಿಲ್‌ಗಳನ್ನು ತಂತ್ರಜ್ಞರಲ್ಲದವರು ನಡೆಸಲಾರರು ಎಂಬುದು ಸರಿಯಾದ ಆಕ್ಷೇಪ. ಶಿಕ್ಷಕರೊಬ್ಬರು ಬರಹ ಏರಿಸಬೇಕಾದ ಕಡೆ ಕಪ್ಪು ತೆರೆಯ ಮೇಲೆ ಆದೇಶ ಟೈಪಿಸಿ ಎನ್ನಲಾಗದು. ಅಂಥವರಿಗೆ ಡೇಟಾಬೇಸ್ ಇಲ್ಲದೆ ಕಡತಗಳಲ್ಲೇ ಬರಹ ಇಡುವ, ಆದರೆ ಬ್ರೌಸರಿನಲ್ಲೇ ತಿದ್ದಲು ಬರುವ ಗ್ರಾವ್, ಕರ್ಬಿ ತರಹದವು ಹೊಂದುತ್ತವೆ. ಗ್ರಾವ್ ಉಚಿತ, ಕರ್ಬಿಗೆ ಹಣ ಕೊಡಬೇಕು. ಈಗಾಗಲೇ ವರ್ಡ್‌ಪ್ರೆಸ್ ಇದ್ದವರು ಅದನ್ನು ಕಿತ್ತುಹಾಕಬೇಕಾಗಿಲ್ಲ. ಒಮ್ಮೆ ಜೋಡಿಸಿದ ಪುಟವನ್ನು ಕಾದಿಡುವ ಕ್ಯಾಶಿಂಗ್ ಪ್ಲಗಿನ್ (ಸೇರ್ಪಡೆ ತಂತ್ರಾಂಶ) ಹಾಕಿದರೆ ಅದೂ ಸಿದ್ಧ ಪುಟವನ್ನೇ ಕೊಡುತ್ತದೆ. ಬೇಡದ ಪ್ಲಗಿನ್‌ಗಳನ್ನು ತೆಗೆಯಿರಿ, ತಾನಾಗಿ ಸರಿಯುವ ಚಿತ್ರಮಾಲೆಗಳನ್ನು ಕೈಬಿಡಿ, ಫೋಟೊಗಳನ್ನು ಕುಗ್ಗಿಸಿ ಏರಿಸಿ. ತಾಣ ಮಾಡಿಕೊಡುವವರಿಗೆ ಹಣ ಕೊಡುವ ಮುನ್ನ ಐದು ವರ್ಷ ಹಳೆಯ, ಅಗ್ಗದ ಫೋನಿನಲ್ಲಿ ಅದನ್ನು ತೆರೆದು ತೋರಿಸಲು ಹೇಳಿ.