ಇ-ಮೇಲ್ ವಿಷಯದ ಸಾಲಿನಲ್ಲಿ ಕನ್ನಡ ಕೆಡುವುದೇಕೆ?

ಅಡಿಕೆ ಟೆಂಡರು, ಮಹಾಸಭೆ ಮುಂತಾದ ತಿಳಿವಳಿಕೆಗಳು ಇ-ಮೇಲಿನಲ್ಲೂ ಬರುತ್ತವೆ. ಒಳಗಿನ ಪತ್ರ ಸರಿಯಿದ್ದು ವಿಷಯದ ಸಾಲು ಮಾತ್ರ ಕೆಟ್ಟಿರುವುದುಂಟು. ಕೆಲಸಕ್ಕೆ ಬಾರದ ಪತ್ರವೆಂದು ಅಳಿಸಿದರೆ ನಷ್ಟ ಬೆಳೆಗಾರರಿಗೇ.

ವಿಷಯದ ಸಾಲು ಮೂಲತಃ ಇಂಗ್ಲಿಷ್ ಅಕ್ಷರಗಳಿಗೆಂದೇ ರೂಪುಗೊಂಡದ್ದು. ಬೇರೆ ಲಿಪಿಗಳನ್ನು ಸಂಕೇತವಾಗಿಸಿ ಕಳುಹಿಸುವ ಕ್ರಮ ಬಂದದ್ದು 1992ರಲ್ಲಿ. ಈ ಸಂಕೇತದ ಒಂದೊಂದು ತುಂಡೂ 75 ಚಿಹ್ನೆಗಳನ್ನು ಮೀರುವಂತಿಲ್ಲ. ಯುಟಿಎಫ್-8 ಕ್ರಮದಲ್ಲಿ ‘ಅಡಿಕೆ’ ಎಂಬ ಪುಟ್ಟ ಪದಕ್ಕೇ 15 ಬೈಟು ಬೇಕು. ಹೀಗಾಗಿ ಉದ್ದದ ಸಾಲು ಹಲವು ತುಂಡಾಗುತ್ತದೆ. ತಂತ್ರಾಂಶ ಅಕ್ಷರದ ನಡುವೆಯೇ ಕತ್ತರಿಸಿದರೆ ಆ ಅಕ್ಷರ ಕೆಡುತ್ತದೆ.

ಸಾಲು ಸಮಚಿಹ್ನೆ, ಪ್ರಶ್ನೆಚಿಹ್ನೆಗಳಿಂದ ಆರಂಭವಾಗಿ ‘ಯುಟಿಎಫ್-8’ ಎಂದಿದ್ದರೆ ಕನ್ನಡ ಸಾಮಾನ್ಯವಾಗಿ ಒಳಗೇ ಭದ್ರವಾಗಿರುತ್ತದೆ. ಬೇರೆ ಮೇಲ್ ತಂತ್ರಾಂಶದಲ್ಲಿ ತೆರೆದು ನೋಡಿ. ಬರೀ ಪ್ರಶ್ನೆಚಿಹ್ನೆಗಳೇ ಇದ್ದರೆ ಮೂಲ ಅಕ್ಷರ ದಾರಿಯಲ್ಲೇ ಕಳೆದಿದೆ. ಪತ್ರ ತೆರೆದು ಓದಿ, ಅಗತ್ಯವಿದ್ದರೆ ಮತ್ತೆ ಕಳುಹಿಸಲು ಹೇಳಿ.

ಕಳುಹಿಸುವವರು ಹಳೆಯ ಫಾಂಟುಗಳನ್ನು ಬಿಟ್ಟು ಯೂನಿಕೋಡಿನಲ್ಲೇ ಬರೆಯಬೇಕು. ವಿಷಯ ಎರಡು ಮೂರು ಪದಗಳಲ್ಲಿರಲಿ. ಮುಖ್ಯ ದಿನಾಂಕವನ್ನು ಪತ್ರದ ಮೊದಲ ಸಾಲಿನಲ್ಲೂ ಬರೆಯುವುದು ಕ್ಷೇಮ. ಬೆಳೆಗಾರ ಬಂಧುಗಳು ಕಳುಹಿಸಿದವರ ವಿಳಾಸ ನೋಡದೆ ಯಾವ ಪತ್ರವನ್ನೂ ಅಳಿಸದಿರಲಿ.